ವ್ಯಾಕ್ಸ್ ಡಬ್ಬಿಗೊಂದು ತಂಪು ಜಾಗ

ಸಾಮಾನು ಅಗ್ಗಕ್ಕೆ ಕೊಳ್ಳುವುದು ನನಗೆ ಕರಗತವಾದ ವಿದ್ಯೆ. ಕೊಂಡದ್ದನ್ನು ಕೆಡದಂತೆ ಇಟ್ಟುಕೊಳ್ಳುವುದು ಬೇರೆಯೇ ವಿದ್ಯೆ ಎಂಬುದು ಮಾತ್ರ ಐವತ್ತು ದಾಟಿದ ಮೇಲೆ ತಿಳಿಯಿತು. ಅದನ್ನು ನಿಮಗೆ ಪುಕ್ಕಟೆಯಾಗಿ ಹೇಳಿಕೊಡುತ್ತೇನೆ. ನಾನು ಪುಕ್ಕಟೆಯಾಗಿ ಕೊಡುವ ಏಕೈಕ ಸರಕು ಸಲಹೆ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಪುಟ್ಟ ಲೇತ್ ಶಾಪ್ ಇದೆ. ಅಲ್ಲಿಗೆ ಬೋಲ್ಟು ಮಾಡಿಸಲು ಬಂದವರು ಬೋಲ್ಟಿನ ಜೊತೆಗೆ ಮಂಡಿನೋವು, ಮನೆಯ ವಾಸ್ತು, ಮಗಳ ಕಾಲೇಜು ಇವುಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೊತ್ತು ಹೋಗುತ್ತಾರೆ. ಕೇಳಿ ಹೊತ್ತೊಯ್ಯುತ್ತಾರೆ ಎಂದು ನಾನೇನೂ ಹೇಳುತ್ತಿಲ್ಲ.

ಹರಿಹರದಲ್ಲಿ ಕಾರು ಅಲಂಕಾರದ ಅಂಗಡಿಯೊಂದು ಮುಚ್ಚುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ನಾನು ಅಲ್ಲಿದ್ದೆ. ಚೌಕಾಸಿಗೊಂದು ಕ್ರಮವಿದೆ. ಬೇಕಾದ ಸಾಮಾನಿನ ಕಡೆ ಕಣ್ಣೆತ್ತಿಯೂ ನೋಡಬಾರದು. ನಾನು ಅರ್ಧ ಗಂಟೆ ಸೀಟ್ ಕವರುಗಳಿಗೆ ಹೆಸರಿಟ್ಟು, ಹೊರಟವನಂತೆ ಮೆಟ್ಟಿಲಿಳಿದು, ಆಮೇಲೆ ತಿರುಗಿ ನಿಂತು, "ಆ ಮೂಲ್ಯಾಗ ಧೂಳು ತಿಂತಾ ಕುಂತಾವಲ್ಲ ಡಬ್ಬಿ, ಅವೇನ್ರಿ?" ಎಂದೆ. ಅಂಗಡಿಯವನು ನನ್ನನ್ನೇ ನೋಡಿದ. "ಯಜಮಾನ್ರ, ನೀವು ಬಂದಾಗಿಂದ ಅವನ್ನ ಬಿಟ್ಟು ಎಲ್ಲಾ ನೋಡಿರಿ. ಅವಕ್ಕ ಬಂದೀರಿ ಅಂತ ಆಗ್ಲೇ ಗೊತ್ತಾತು ಬಿಡ್ರಿ" ಎಂದು ನಕ್ಕ. ಆದರೂ ನಾನು ಸೋಲಲಿಲ್ಲ. ಕಾರಿಗೆ ಹೊಳಪು ಕೊಡುವ ವ್ಯಾಕ್ಸು, ಕಾರು ತೊಳೆಯುವ ಶಾಂಪೂ, ಡ್ಯಾಶ್‌ಬೋರ್ಡಿಗೆ ಸಿಂಪಡಿಸುವ ಮಲ್ಲಿಗೆ ವಾಸನೆಯ ಪಾಲಿಶು, ಒರೆಸುವ ಮೆತ್ತನೆ ಬಟ್ಟೆ, ಎಲ್ಲವನ್ನೂ ಸೇರಿಸಿ ನಾನು ಹೇಳಿದ ದರಕ್ಕೇ ತಂದೆ. ಗಿರಾಕಿಗಳಿಗೆ ತೋರಿಸಲೆಂದು ಮುಚ್ಚಳ ತೆಗೆದಿದ್ದ ವ್ಯಾಕ್ಸ್ ಡಬ್ಬಿಯೊಂದನ್ನು ಜಗಳವಾಡಿ ಮೇಲೆ ಹಾಕಿಸಿಕೊಂಡೆ. ನನ್ನ ಬಳಿ ಇರುವುದು ಒಂದೇ ಕಾರು, ಅದೂ ಸೆಕೆಂಡ್ ಹ್ಯಾಂಡ್. ತಂದ ಸರಕು ಒಂದು ಟ್ಯಾಕ್ಸಿ ಸ್ಟ್ಯಾಂಡಿಗೆ ಸಾಕಾಗುವಷ್ಟಿತ್ತು.

ಮೊದಲು ಅದೆಲ್ಲವನ್ನೂ ಅಡುಗೆಮನೆಯ ಕಪಾಟಿನಲ್ಲಿ ತುಂಬಿದೆ. ನಾಲ್ಕನೇ ದಿನ ಸಂಜೆ ನನ್ನ ಹೆಂಡತಿ ಗಿರಿಜಾ ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಮುಂದಿಟ್ಟಳು. ಒಂದು ಮುಕ್ಕು ಬಾಯಿಗೆ ಹಾಕಿದೆ. ಈರುಳ್ಳಿ ಇತ್ತು, ಮೆಣಸಿನಕಾಯಿ ಬಜ್ಜಿಯೂ ಪಕ್ಕದಲ್ಲಿತ್ತು, ಆದರೆ ಬಾಯಿತುಂಬ ಮಲ್ಲಿಗೆ.

"ಹೆಂಗೈತೆ?" ಎಂದಳು.

"ಒಂಥರಾ ಘಮ ಐತೆ."

"ಇರ್ಲಾರ್ದ ಏನು? ನಿಮ್ಮ ಬಾಟ್ಲಿ ಬಾಯಿ ಬಿಟ್ಕಂಡು ಕುಂತಾವು, ನಿಮ್ಮಂಗ. ಒಂದು ಡಬ್ಬ ಮಂಡಕ್ಕಿ ಹಾಳಾತು. ಇವತ್ತೇ ಖಾಲಿ ಮಾಡ್ರಿ."

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳ ಮಂಡಕ್ಕಿ ಕೆಡಿಸಿದವನಿಗೆ ಮೇಲ್ಮನವಿಯ ಅವಕಾಶವಿರುವುದಿಲ್ಲ. ಸಾಮಾನೆಲ್ಲ ತಾರಸಿಯ ಮೇಲಿನ ತಗಡಿನ ಕೋಣೆಗೆ ಹೋಯಿತು. ಬೀಗ ಹಾಕಬಹುದು, ಇಲಿ ಬಾರದು, ಯಾರ ಕೈಗೂ ಸಿಗದು ಎಂದು ಲೆಕ್ಕ ಹಾಕಿದೆ. ಬಿಸಿಲೂ ಬಾಡಿಗೆ ಕೊಡದೆ ಅಲ್ಲೇ ವಾಸವಾಗಿರುತ್ತದೆ ಎಂಬುದು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಮುಚ್ಚಳ ತೆಗೆದಿದ್ದ, ಪುಕ್ಕಟೆಯಾಗಿ ಬಂದಿದ್ದ ಆ ಒಂದು ಡಬ್ಬಿಯನ್ನು ಎಸೆಯಲೆಂದು ಹೊರಗಿಟ್ಟಿದ್ದೆ. ಗಿರಿಜಾ ಅದನ್ನೆತ್ತಿ ತಿರುಗಿಸಿ ನೋಡಿ, "ಡಬ್ಬಿ ಚಂದೈತೆ, ಖಾಲಿ ಆದ್ಮ್ಯಾಲೆ ಏಲಕ್ಕಿಗೆ ಆಗುತ್ತೆ" ಎನ್ನುತ್ತಾ ಒಳಗೊಯ್ದಳು. ನಾನು ಆ ಮಾತನ್ನು ಅಲ್ಲೇ ಮರೆತೆ.

ಹೀಗಿರುವಾಗ ಕುಕ್ಕುವಾಡ ಹಳ್ಳಿಯಲ್ಲಿರುವ ಗಿರಿಜಾಳ ಅಣ್ಣ ಬಸಣ್ಣನ ಮಗಳು ಸೌಮ್ಯಳ ಮದುವೆ ಗೊತ್ತಾಯಿತು. ಛತ್ರ ಹರಿಹರದಲ್ಲಿ. ನಿಶ್ಚಿತಾರ್ಥದ ಊಟದಲ್ಲಿ ಬಸಣ್ಣ ಮದುಮಗಳಿಗೆ ಬಾಡಿಗೆ ಕಾರು ಮಾಡುವ ಮಾತೆತ್ತಿದ. ಎರಡನೇ ಹೋಳಿಗೆ ಮುಗಿಸಿದ್ದ ನಾನು ಸುಮ್ಮನಿರಬಹುದಿತ್ತು.

"ಬಾಡಿಗೆ ಯಾಕ ಭಾವ? ನನ್ನ ಕಾರು ಐತಲ್ಲ. ಕನ್ನಡಿ ಮಾಡಿ ತರ್ತೀನಿ. ಸೌಮ್ಯ ಅದ್ರಾಗೇ ಮುಖ ನೋಡ್ಕಂಡು ಕುಂಕುಮ ಹಚ್ಕಬೋದು!"

ಸೌಮ್ಯ ನಕ್ಕಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಮಾವ, ಖರೇನ? ಗಂಡಿನ ಕಡೆಯೋರು ಎಲ್ರೂ ಬಾಗ್ಲಾಗ ನಿಂತಿರ್ತಾರ" ಎಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ದರದ ವಿಷಯದಲ್ಲಿ ನಾನು ಮಾತು ತಿರುಗಿಸಿದ್ದುಂಟು. ಅಂಥ ಮಗುವಿನ ಎದುರು ಆಗುವುದಿಲ್ಲ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಮದುಮಗಳು ಕುಕ್ಕುವಾಡದಿಂದ ಹೊರಡಬೇಕು. ಬೆಳಿಗ್ಗೆ ಕಾರು ತೊಳೆದು, ತಗಡಿನ ಕೋಣೆಯ ಬೀಗ ತೆಗೆದೆ. ಬೇಸಿಗೆಯ ಆ ಕೋಣೆ ಮಂಡಕ್ಕಿ ಹುರಿಯುವ ಭಟ್ಟಿಗೆ ಖಾಸಾ ತಮ್ಮ. ಶಾಂಪೂ ಬೆಲ್ಲದ ಪಾಕವಾಗಿತ್ತು. ಪಾಲಿಶಿನ ಮೂತಿ ಕಟ್ಟಿಕೊಂಡು, ಒತ್ತಿದರೆ ಕೆಮ್ಮುತ್ತಿತ್ತೇ ಹೊರತು ಉಗುಳುತ್ತಿರಲಿಲ್ಲ. ವ್ಯಾಕ್ಸ್ ಹಗಲು ಕರಗಿ ರಾತ್ರಿ ಗಟ್ಟಿಯಾಗಿ, ತಿಂಗಳುಗಟ್ಟಲೆ ಇದನ್ನೇ ಮಾಡಿ, ಸುಣ್ಣದಂತೆ ಬಿರಿದಿತ್ತು. ಹಣ ಕೊಟ್ಟು ತಂದದ್ದನ್ನು ಎಸೆಯುವ ಅಭ್ಯಾಸ ನನಗಿಲ್ಲ. ಅದನ್ನೇ ಪುಡಿ ಮಾಡಿ ಬಾನೆಟ್ಟಿಗೆ ತಿಕ್ಕಿದೆ. ಒಣಗಿದ ಮೇಲೆ ಒರೆಸಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ಒರೆಸಿದೆ. ಮೆರೂನ್ ಬಣ್ಣದ ಕಾರು ವಿಭೂತಿ ಬಳಿದುಕೊಂಡು ನಿಂತಿತು. ಗಂಟೆ ಹನ್ನೊಂದು. ಬಾಡಿಗೆ ಕಾರು ಕೇಳೋಣವೆಂದರೆ, ಮುಹೂರ್ತದ ದಿನಗಳಲ್ಲಿ ಎಲ್ಲ ಕಾರುಗಳೂ ಯಾರದ್ದೋ ಮದುವೆಯಲ್ಲಿರುತ್ತವೆ.

ಗಿರಿಜಾ ಬಾಗಿಲಿಗೆ ಬಂದಳು. ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ಒಳಗೆ ಹೋಗಿ ಬಂದವಳ ಕೈಯಲ್ಲಿ ಆ ಡಬ್ಬಿ ಇತ್ತು. ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ಇಟ್ಟಿದ್ದಳಂತೆ. ಭರಣಿಗಳಂತೆಯೇ ಅದರ ಮುಚ್ಚಳದ ಮೇಲೂ ಬಿಳಿ ಬಟ್ಟೆ ಬಿಗಿದು ದಾರ ಕಟ್ಟಿತ್ತು. ಬಿಚ್ಚಿದೆ. ಒಳಗೆ ವ್ಯಾಕ್ಸ್ ನಮ್ಮೂರ ದೋಸೆಯ ಮೇಲಿನ ಬೆಣ್ಣೆಯಂತೆ ಮೆತ್ತಗಿತ್ತು.

ನಾನು ಬೆರಳು ಹಾಕಲು ಹೋದೆ.

"ಏಯ್! ಹಸಿ ಕೈ ಹಾಕ್ತೀರಾ? ಉಪ್ಪಿನಕಾಯಿಗೆ ಹಂಗ ಹಾಕಿದ್ರ ಬಿಡ್ತೀನಾ ನಾನು? ಒಣ ಚಮಚ ತರ್ತೀನಿ, ತಡೀರಿ. ಬೇಕಾದಷ್ಟೇ ತಗಬೇಕು, ಮಿಕ್ಕಿದ್ದು ತಿರುಗಿ ಹಾಕಬಾರದು. ಕಂಠ ಒರೆಸಿ ಮುಚ್ಚಬೇಕು. ಕಾರು ನೆರಳಿಗೆ ತಗಳ್ರಿ ಮದ್ಲು!"

ಬೇವಿನ ಮರದ ನೆರಳಿಗೆ ಕಾರು ತಂದು ಆ ಮೆತ್ತನೆ ವ್ಯಾಕ್ಸನ್ನು ಹಳೆಯ ಕಲೆಯ ಮೇಲೆಯೇ ತೆಳ್ಳಗೆ ಹಚ್ಚಿದೆ. ಒಣಗಿ ಹಿಡಿದಿದ್ದ ಬಿಳುಪು ಮೆತ್ತಗಾಗಿ ಬಟ್ಟೆಗೆ ಬಂತು. ಒರೆಸುವ ಬಟ್ಟೆಯೂ ಅವಳದ್ದೇ, ಹಳೆಯ ಹತ್ತಿ ಸೀರೆಯದು. ನನ್ನ ಮೆತ್ತನೆ ಬಟ್ಟೆಗಳನ್ನು ನಾನು ಲೇತಿನ ಕಬ್ಬಿಣದ ಪುಡಿ ಇದ್ದ ಚೀಲದಲ್ಲಿಟ್ಟಿದ್ದೆ. ಅವುಗಳಿಂದ ಒರೆಸಿದ್ದರೆ ಕಾರಿನ ತುಂಬ ಗೆರೆ ಎಳೆದಂತಾಗುತ್ತಿತ್ತು. ಎರಡು ಗಂಟೆಗೆ ಬಾನೆಟ್ಟಿನಲ್ಲಿ ಬೇವಿನ ಎಲೆ ಎಣಿಸಬಹುದಿತ್ತು.

ಹರಿಹರದ ಛತ್ರದ ಬಾಗಿಲಲ್ಲಿ ಸೌಮ್ಯ ಇಳಿದಳು. ಇಳಿದವಳು ಒಳಗೆ ಹೋಗುವ ಮೊದಲು ಕಾರಿನ ಬಾಗಿಲಿಗೆ ಬಾಗಿ, ಹಣೆಯ ಕುಂಕುಮ ಸರಿ ಮಾಡಿಕೊಂಡಳು. ಗಂಡಿನ ಕಡೆಯ, ಕಡರನಾಯಕನಹಳ್ಳಿಯ ಬೀಗರು ಕಾರಿನ ಸುತ್ತ ಒಂದು ಸುತ್ತು ಬಂದು, "ಹೊಸದೇನ್ರಿ ಇದು?" ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ವ್ಯಾಕ್ಸನ್ನು ಹೇಗೆ ಇಡಬೇಕೆಂದು ವಿವರಿಸತೊಡಗಿದೆ: ತಂಪು, ಕತ್ತಲೆ, ಬಿಗಿಯಾದ ಮುಚ್ಚಳ, ಒಣ ಚಮಚ, ಬಾಟ್ಲಿ ನೆಟ್ಟಗೆ, ಬಟ್ಟೆ ಒಗೆದು ಬೇರೆ. ಎಲ್ಲವೂ ನನ್ನ ಸ್ವಂತ ಅನುಭವವೆಂದೆ. ಗಿರಿಜಾ ಆರತಿ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದದ್ದು ಕಂಡಿರಲಿಲ್ಲ.

ಈಗ ಆ ಡಬ್ಬಿ ಮತ್ತೆ ಗೂಡಿನಲ್ಲಿದೆ, ಗೂಡಿಗೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ಏಲಕ್ಕಿ ಇನ್ನೂ ಕಾಯುತ್ತಿದೆ. ಭಾನುವಾರ ಬೆಳಿಗ್ಗೆ ಕಾರು ತೊಳೆದು ಹೋಗಿ ನಿಲ್ಲುತ್ತೇನೆ.

"ಎರಡು ಚಮಚ ಕೊಡು."

"ಅರ್ಧ."

"ಒಂದೂವರೆ. ಕಾರಿಗೆ ಬಾಗ್ಲು ನಾಕು ಅದಾವ ನೋಡು."

"ಅರ್ಧ."

ನಾನು ಹೊರಟವನಂತೆ ಎರಡು ಹೆಜ್ಜೆ ಹಾಕುತ್ತೇನೆ. ಇಡೀ ಹರಿಹರದ ಬಜಾರಿನಲ್ಲಿ ನಡೆದ ಉಪಾಯ ಅದು. ಅವಳು ಕರೆಯುವುದಿಲ್ಲ. ನಾನೇ ತಿರುಗಿ ಬರುತ್ತೇನೆ.

"ಕೈ ಒಣಗೈತೇನು? ತೋರ್ಸ್ರಿ."

ಎರಡೂ ಅಂಗೈ ಮುಂದೆ ಚಾಚಿ ನಿಲ್ಲುತ್ತೇನೆ. ಅವಳು ಒಂದನ್ನು ನೋಡಿ, ಇನ್ನೊಂದನ್ನು ಮುಟ್ಟಿ ನೋಡಿ, ಅರ್ಧ ಚಮಚ ಕೊಡುತ್ತಾಳೆ. ಹೇಳಬಾರದು, ಅಷ್ಟರಲ್ಲೇ ಇಡೀ ಕಾರಿಗೆ ಸಾಕಾಗುತ್ತದೆ.