ಚಕ್ಕುಲಿ ಯಾಕೆ ಕಾಯ್ತು

ನಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ನೆಟ್ಟಗೆ ಕೆಡೋದೂ ಇಲ್ಲ. ಕೆಟ್ಟ ಜಾಗ ಒಂದು, ಅಪ್ಪ ಹುಡುಕುವ ಜಾಗ ಇನ್ನೊಂದು, ನಡುವೆ ನಾನು.

ಆಗ ಸಿಡ್ನಿಯ ತುದಿಯ ಸ್ಕೋಫೀಲ್ಡ್ಸ್‌ನಲ್ಲಿ ರೆಂಟಿಗಿದ್ದೆವು. ಅಪ್ಪ ನಾರ್ವೆಸ್ಟ್‌ನ ಒಂದು ಸಣ್ಣ ಕಂಪನಿಯಲ್ಲಿ ಇಂಡಕ್ಷನ್ ಒಲೆ ಡಿಸೈನ್ ಮಾಡುತ್ತಿದ್ದರು. ನಾನು ಹತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು, ಎಲೆಕ್ಟ್ರಿಷಿಯನ್ ಕೋರ್ಸಿಗೆ ಸೇರಿ, ಅದರಿಂದಲೂ ಅರ್ಧಕ್ಕೆ ಎದ್ದು ಬಂದವನು. ಅಪ್ಪನ ಮೌಸಿನ ಹೊಟ್ಟೆಗೆ ಟೇಪ್ ಅಂಟಿಸೋದು, ಅಮ್ಮನ ಸಕ್ಕರೆ ಡಬ್ಬಕ್ಕೆ ಉಪ್ಪು ಸುರಿಯೋದು, ಫ್ಯಾನಿನ ಬಾಯಿಗೆ ಬಲೂನು ಕಟ್ಟೋದು, ಇವೇ ನನ್ನ ಉದ್ಯೋಗ.

ಅಪ್ಪನ ಮೊದಲ ದೊಡ್ಡ ಒಲೆ ಮೆಲ್ಬರ್ನಿನ ಟಾರ್ನೀಟ್‌ಗೆ, ಹಾಸನದ ಒಬ್ಬ ಆಂಟಿ ನಡೆಸುವ ಹೋಟೆಲಿಗೆ, ಟ್ರಯಲ್‌ಗೆ ಹೋಯಿತು. ಹತ್ತು ದೋಸೆ ಹೊಯ್ಯುವಷ್ಟರಲ್ಲಿ ಒಳಗಿನ ತಾಮ್ರದ ಕಾಯಿಲ್ ಕಾದು ಒಲೆ ಆಫ್ ಆಗುತ್ತಿತ್ತು. ಬಾಸ್ ಹೇಳಿದ, “ಒಂದು ತಿಂಗಳು ಟೈಮು. ಮೊದಲು ಕಂಪ್ಯೂಟರಿನಲ್ಲಿ ಕಾರಣ ತೋರಿಸು. ಇಲ್ಲಾಂದ್ರೆ ಪ್ರಾಜೆಕ್ಟ್ ಕ್ಲೋಸ್.” ಪ್ರಾಜೆಕ್ಟ್ ಹೋದರೆ ಅಪ್ಪನ ಕೆಲಸ ಹೋಯ್ತು. ಕೆಲಸ ಹೋದರೆ ವೀಸಾ ಹೋಯ್ತು. ಕೆಲವೇ ವಾರದಲ್ಲಿ ಮೂವರೂ ದೇಶ ಬಿಡಬೇಕು. ಅಮ್ಮ ಹತ್ತು ಕೆಜಿ ಅಕ್ಕಿ ಮೂಟೆ ತರೋದು ನಿಲ್ಲಿಸಿ, ಎರಡು ಕೆಜಿ ಪ್ಯಾಕೆಟ್ ತರತೊಡಗಿದರು.

೧. ಎಣ್ಣೆ

ಲೆಕ್ಕ ಹಾಕೋಕೆ ದುಡ್ಡು ಕೊಟ್ಟು ತರಿಸುತ್ತಿದ್ದ ಸಾಫ್ಟ್‌ವೇರನ್ನು ಕಂಪನಿ ಆಗಲೇ ನಿಲ್ಲಿಸಿತ್ತು. ಅಪ್ಪ ಬಿಟ್ಟಿ ಸಿಗುವ ಒಂದನ್ನು ಇಳಿಸಿಕೊಂಡರು. ಅದು ಕಾಯಿಲನ್ನು ಹುರುಳಿಕಾಯಿ ಹೆಚ್ಚಿದ ಹಾಗೆ ಸಾವಿರಾರು ಚೂರು ಮಾಡಿ, ಒಂದೊಂದು ಚೂರಲ್ಲೂ ಕರೆಂಟ್ ಎಷ್ಟು, ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತದೆ. ಕಾಯಿಲ್ ಸುರುಳಿಯಾಗಿ ಇದ್ದದ್ದರಿಂದ ಅಪ್ಪ ಫೈಲಿನಲ್ಲಿ ಅದಕ್ಕೆ ‘ಚಕ್ಕುಲಿ’ ಅಂತಲೇ ಹೆಸರಿಟ್ಟಿದ್ದರು. ಲೆಕ್ಕ ಎಡವಟ್ಟಾದಾಗ ಆ ಸಾಫ್ಟ್‌ವೇರಿನವರ ಫೋರಮ್ಮಿಗೆ ಫೈಲನ್ನು ಹಾಗೇ ಹಾಕಿದರು. ಯಾವುದೋ ಚಳಿ ದೇಶದ ಮೇಷ್ಟ್ರೊಬ್ಬರು ಗಂಭೀರವಾಗಿ ಕೇಳಿದರು, “ಈ ಚಕ್ಕುಲಿ ಎಂಬ ಲೋಹದ ಗುಣಗಳೇನು?”

ಅಪ್ಪ ಸ್ನಾನಕ್ಕೆ ಹೋಗಿದ್ದರು. ಅವರ ಹೆಸರಿನಲ್ಲಿ ನಾನೇ ಬರೆದೆ, “ಎಣ್ಣೆಯಲ್ಲಿ ಹಾಕಿದರೆ ಗಟ್ಟಿಯಾಗುತ್ತೆ.”

ಮೇಷ್ಟ್ರು ಒಂದು ಪುಟ ಉತ್ತರ ಬರೆದರು. ಕೊನೆಗೆ, “ಎಣ್ಣೆಯಿಂದ ಲೆಕ್ಕ ಕಷ್ಟವಾಗುತ್ತದೆ. ಮೊದಲು ಒಣಗಿದ್ದನ್ನೇ ಪ್ರಯತ್ನಿಸಿ.”

೨. ಮಾತಿಲ್ಲ ಕತೆಯಿಲ್ಲ

ಒಂದು ಸಂಜೆ ಪರದೆಯ ಮೇಲೆ ಚಕ್ಕುಲಿ ಪೂರ್ತಿ ಕೆಂಪಗೆ ಬಂತು. ಅಮ್ಮ ಇಣುಕಿ, “ಅಯ್ಯೋ, ಸುಟ್ಟೇ ಹೋಯ್ತಲ್ರೀ!” ಅಂದರು. ಅಪ್ಪ ತಲೆ ಮೇಲೆ ಕೈಹೊತ್ತು ಕೂತರು.

ನಾನು ಪಕ್ಕದ ಬಣ್ಣದ ಪಟ್ಟಿ ಓದಿದೆ. ಕೆಳಗಿನ ನೀಲಿ ಇಪ್ಪತ್ತೈದು ಡಿಗ್ರಿ. ಮೇಲಿನ ಕೆಂಪೂ ಇಪ್ಪತ್ತೈದೇ, ಮುಂದೆ ಪಾಯಿಂಟ್ ಸೊನ್ನೆ ಸೊನ್ನೆ ಏನೋ. ಇದ್ದುದರಲ್ಲಿ ಜಾಸ್ತಿ ಇದ್ದದ್ದಕ್ಕೆ ಸಾಫ್ಟ್‌ವೇರು ತಾನಾಗಿ ಕೆಂಪು ಬಳಿದಿತ್ತು, ಅಷ್ಟೇ. ಚಕ್ಕುಲಿ ಬೆಚ್ಚಗೂ ಆಗಿರಲಿಲ್ಲ.

ಅಪ್ಪ ಫೈಲ್ ತಡಕಿ ಹೇಳಿದರು, “ಎರಡನ್ನೂ ಜೋಡಿಸೋದೇ ಮರೆತಿದ್ದೀನಿ ಕಣೇ. ಕರೆಂಟಿನ ಲೆಕ್ಕ ಇಲ್ಲೇ ಇದೆ, ಬಿಸಿಯ ಲೆಕ್ಕ ಪಕ್ಕದಲ್ಲೇ ಇದೆ. ಒಂದಕ್ಕೊಂದು ಮಾತೇ ಇಲ್ಲ.”

“ನಿಮ್ಮ ಅಣ್ಣತಮ್ಮಂದಿರ ಹಾಗೆ,” ಅಂದರು ಅಮ್ಮ.

೩. ಇನ್ನೂರು

ಜೋಡಿಸಿದ ಮೇಲೆ ಬಂದ ಡಿಗ್ರಿಗಳನ್ನು ಓದೋಕೂ ಆಗಲಿಲ್ಲ, ಅಷ್ಟುದ್ದ ಸೊನ್ನೆ. ಸೂರ್ಯನೇ ನಮ್ಮ ಮನೆಗೆ ಬಂದು ದೋಸೆ ಹೊಯ್ಯಬೇಕು. ಮೂರು ದಿನ ಅಪ್ಪ ನೆಟ್ಟಗೆ ಉಣ್ಣಲಿಲ್ಲ.

“ಅಪ್ಪಾ, ಚಕ್ಕುಲಿ ಅಗಲ ಎಷ್ಟು ಬರ್ದಿದ್ದೀಯ?”

“ಇನ್ನೂರು.”

“ಇನ್ನೂರು ಏನು?”

ಅಪ್ಪ ಫೈಲ್ ತೆರೆದು ನೋಡಿದರು. ಅವರು ಚಿತ್ರ ಬರೆದದ್ದು ಮಿಲಿಮೀಟರಿನಲ್ಲಿ. ಸಾಫ್ಟ್‌ವೇರು ಅದನ್ನೇ ಮೀಟರು ಅಂತ ಓದಿಕೊಂಡಿತ್ತು. ನಮ್ಮ ಗೇಟಿನಿಂದ ಬಸ್ ಸ್ಟಾಪಿನ ತನಕ ಒಂದೇ ಚಕ್ಕುಲಿ! ಅಡುಗೆಮನೆಯಿಂದ ಅಮ್ಮ ಕೂಗಿದರು, “ಅಷ್ಟು ದೊಡ್ಡದಕ್ಕೆ ನನ್ನ ಹತ್ರ ಬಾಣಲೆ ಇಲ್ಲ!”

ಅದೇ ಕೊನೆಯ ನಗು. ಸರಿ ಮಾಡಿದ ಮೇಲೆ ಉತ್ತರ ಬಂತು: ಎಂಬತ್ತೊಂದು ಡಿಗ್ರಿ. ಕಾಯಿಲ್ ನೂರು ದಾಟಿದರಷ್ಟೇ ಒಲೆ ಆಫ್ ಆಗೋದು. ಅಂದರೆ ಲೆಕ್ಕದ ಪ್ರಕಾರ ಒಲೆ ಸರಿಯಾಗಿಯೇ ಇದೆ, ತಪ್ಪೇ ಇಲ್ಲ. ತಪ್ಪಿಲ್ಲದ ಒಲೆ ಮೆಲ್ಬರ್ನಿನಲ್ಲಿ ದಿನಾ ಕಾದು ನಿಲ್ಲುತ್ತಲೇ ಇತ್ತು. ತಿಂಗಳು ಮುಗಿಯಿತು. ಅಮ್ಮ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ, ಧೂಳು ಒರೆಸಿ, ಹಾಲ್‌ನಲ್ಲಿ ತಂದಿಟ್ಟರು.

೪. ಗಾಳಿ

ಕೊನೆಯ ಪರೀಕ್ಷೆ ಟಾರ್ನೀಟ್‌ನಲ್ಲಿ. ಬಾಸ್ ವಿಮಾನದಲ್ಲಿ ಬಂದ. ಅಪ್ಪ, ನಾನು ಇಡೀ ದಿನ ಕಾರಿನಲ್ಲಿ ಹೋದೆವು, ಮೀಟರಿನ ಡಬ್ಬ ಹೊರೋಕೆ ನಾನು. ಮಾರನೇ ಬೆಳಿಗ್ಗೆ ಆಂಟಿ ನಮಗೆಲ್ಲ ಇಡ್ಲಿ ಚಟ್ನಿ ಕೊಟ್ಟರು. ಅಪ್ಪ ಒಂದು ಇಡ್ಲಿಯನ್ನೇ ಮುರಿದೂ ಮುರಿದೂ ಕೂತಿದ್ದರು.

ಈ ಸಲ ಒಲೆ ತಾನಾಗಿ ಆಫ್ ಆಗದ ಹಾಗೆ ಮಾಡಿ, ಅಪ್ಪ ಸ್ವಿಚ್ ಹಾಕಿದರು. ಕಾಯಿಲಿನ ಬಿಸಿ ತೋರಿಸುವ ಮೀಟರು ನೂರು ದಾಟಿತು, ನೂರಿಪ್ಪತ್ತು ದಾಟಿತು. ಬಾಸ್ ಫೈಲ್ ಮುಚ್ಚಿದ. “ಸಾರಿ, ಮೇಟ್.”

ಆಗ ಬಂತು. ಕೆಳಗಿನಿಂದ, ಉದ್ದಕ್ಕೆ, ರಾಗವಾಗಿ: ಪುರ್ರ್ರ್ರ್ರ್ರ್.

ಎಲ್ಲರೂ ಒಲೆಯ ಕಡೆ ತಿರುಗಿದರು. ಒಲೆಗೆ ಅಂಟಿಕೊಂಡು ನಿಂತವರು ಅಪ್ಪ.

“ಮೇಟ್, ಅದು ಒಲೆಯದಾ, ನಿಂದಾ?” ಅಂದ ಬಾಸ್.

ನನಗೆ ಆಗ ನೆನಪಾಯಿತು. ಆ ಬಲೂನು! ಟಾರ್ನೀಟ್‌ಗೆ ಕಳಿಸಲು ಅಪ್ಪ ನಮ್ಮ ಗ್ಯಾರೇಜಿನಲ್ಲಿ ಒಲೆ ಪ್ಯಾಕ್ ಮಾಡುವ ದಿನ, ಕಾಯಿಲನ್ನು ತಣ್ಣಗಿಡುವ ಅದರ ಫ್ಯಾನಿನ ಬಾಯಿಗೆ ಸೀಳಿದ ಬಲೂನು ಅಂಟಿಸಿದ್ದೆ, ಆನ್ ಮಾಡಿದಾಗ ಹೂಸಿನ ಸದ್ದು ಬರಲಿ ಅಂತ. ಗಮ್ ಜಾಸ್ತಿಯಾಗಿ ಸೀಳೇ ಮುಚ್ಚಿಕೊಂಡು ಸದ್ದು ಬರಲಿಲ್ಲ. ಬೇಜಾರಾಗಿ ಮರೆತುಬಿಟ್ಟಿದ್ದೆ. ಇವತ್ತಿನ ಕಾವಿಗೆ ಗಮ್ ಕರಗಿ ಅದು ಬಾಯಿಬಿಟ್ಟಿತ್ತು.

ಅಪ್ಪ ನನ್ನ ಮುಖ ನೋಡಿದರು. ಅಷ್ಟೇ ಸಾಕಾಯಿತು. ಕಂಪನಿಯ ಒಲೆಯ ಒಳಗೆ ಮಗ ಕೈಹಾಕಿದ್ದಾನೆ ಅಂದರೆ ಕೆಲಸ ಉಳಿಯೋದಿಲ್ಲ.

“ನಂದೇ, ಸರ್,” ಅಂದರು ಅಪ್ಪ. “ಬೆಳಿಗ್ಗೆ ಚಟ್ನಿ ಜಾಸ್ತಿಯಾಯ್ತು.”

“ರೀ, ನನ್ನ ಚಟ್ನಿಗೆ ಯಾಕ್ರೀ ಹೆಸರಿಡ್ತೀರಾ!” ಅಂತ ಆಂಟಿ ಎಗರಿದರು. ಬಾಸ್ ಮೂಗು ಹಿಡಿದು ಕಾಫಿಗೆ ಹೊರಗೆ ಹೋದ. ಅಪ್ಪ ಕೆಳಗೆ ಕೈಹಾಕಿ, ಬಲೂನು ಕಿತ್ತು, ಜೇಬಿಗೆ ತುರುಕಿದರು.

ಬಾಸ್ ವಾಪಸ್ ಬಂದಾಗ ಮೀಟರು ಎಂಬತ್ತೊಂದರಲ್ಲಿ ನಿಂತಿತ್ತು. “ಏನು ಮಾಡಿದೆ?”

“ಗಾಳಿ ಬಿಟ್ಟೆ, ಸರ್.”

“ಅದು ನಮಗೂ ಗೊತ್ತಾಯ್ತು.”

ಕೆಲಸ ಉಳಿಯಿತು. ಅಮ್ಮ ಮತ್ತೆ ಹತ್ತು ಕೆಜಿ ಮೂಟೆ ತಂದರು. ಅಪ್ಪ ಮಾತ್ರ ಮೆಲ್ಬರ್ನಿನಿಂದ ಸಿಡ್ನಿಯ ತನಕ ಒಂದು ಮಾತೂ ಆಡಲಿಲ್ಲ, ಆಮೇಲೆ ಒಂದು ವಾರವೂ ಇಲ್ಲ. ಆಫೀಸಿನಲ್ಲಿ ಅವರನ್ನು ಕಂಡರೆ ಈಗಲೂ ಕಿಟಕಿ ತೆರೆಯುತ್ತಾರಂತೆ.

ಕೊನೆಗೆ ಫೋರಮ್ ತೆರೆದು ನೋಡಿದೆ. ಅಪ್ಪ ಹೊಸ ಫೈಲ್ ಹಾಕಿದ್ದರು. ಫ್ಯಾನಿನ ಬಾಯಿಗೆ ಅಡ್ಡವಾಗಿ ಒಂದು ವಸ್ತು, ಅದರ ಹೆಸರು ‘ಮಗ’. ಅದನ್ನಿಟ್ಟು ಲೆಕ್ಕ ಮಾಡಿದರೆ ಚಕ್ಕುಲಿ ಸರಿಯಾಗಿ ನೂರಿಪ್ಪತ್ತು ದಾಟುತ್ತಿತ್ತು. ಮೇಷ್ಟ್ರು ಕೇಳಿದ್ದರು, “ಈ ಮಗ ಎಂಬ ವಸ್ತುವಿನ ಗುಣಗಳೇನು?”

ಅಪ್ಪ ಬರೆದಿದ್ದರು, “ಗಾಳಿಗೆ ದಾರಿ ಬಿಡಲ್ಲ. ಸುತ್ತಲಿದ್ದವರೆಲ್ಲ ಕಾಯುತ್ತಾರೆ, ತಾನು ಮಾತ್ರ ತಣ್ಣಗಿರುತ್ತೆ.”

“ಹಾಗಾದರೆ ಅದನ್ನು ತೆಗೆದು ಬೇರೆ ಹಾಕಿಕೊಳ್ಳಿ.”

“ಆಗಲ್ಲ ಸರ್. ಮನೆಯಲ್ಲೇ ತಯಾರಾದದ್ದು.”