ಕೆಟಲಾಗಪ್ಪನ ಹಾಲುಬಿಳುಪು

ಕಳೆದ ಸಲ ಹಾಲುಬಿಳುಪಿನ ಕರ್ಟನ್ನು ಕೆಟಲಾಗಿನಲ್ಲಿ ನೀಲಿಯಾಗಿ ಬಂದಿತ್ತು. ಕರ್ಟನ್ ಅಂಗಡಿಯ ಯಜಮಾನರು ಫೋನಿನಲ್ಲೇ ಕೆಂಡಕಾರಿದರು: "ಸಂಜೆ ನಾನೇ ಬಂದು ನೋಡ್ತೀನಿ. ಈ ಸಲವೂ ಬಣ್ಣ ಕೆಟ್ಟಿದ್ರೆ ಕೆಲಸ ಬೇರೆಯವರಿಗೆ!"

ಮನೆಯಲ್ಲೇ ಕೂತು ಕೆಟಲಾಗು ಮಾಡುತ್ತಾ ಬೀದಿಯವರ ಬಾಯಲ್ಲಿ ಕೆಟಲಾಗಪ್ಪನೇ ಆಗಿಹೋಗಿದ್ದ ನಮ್ಮ ಬಡಪಾಯಿಗೆ ಇದ್ದದ್ದು ಅದೊಂದೇ ಗಿರಾಕಿ. ಬೆಳಿಗ್ಗೆಯೇ ಕರ್ಟನ್ ತುಂಡನ್ನು ಮಾನಿಟರಿನ ಪಕ್ಕ ಇಟ್ಟುಕೊಂಡು ಬಣ್ಣ ಹೊಂದಿಸಲು ಕೂತ. ಕಿಟಕಿಯ ಬಿಸಿಲು ನೇರ ಮಾನಿಟರಿಗೇ ಬಡಿಯಿತು.

"ಇಷ್ಟಕ್ಕೆ ಯಾಕ್ರೀ ಪೇಚಾಡ್ತೀರಾ?" ಎಂದು ಹೆಂಡತಿ ಅರಿಸಿನ ಬಣ್ಣದ ಬೆಡ್‌ಶೀಟನ್ನು ಕಿಟಕಿಗೆ ಸಿಕ್ಕಿಸಿದಳು.

ಅಷ್ಟರಲ್ಲಿ ಪಕ್ಕದ ಮನೆಯ ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಹಾಜರ್. ಬಣ್ಣದ ಮಾತು ಕಿವಿಗೆ ಬಿದ್ದರೆ ಸಾಕು, ಅವರಿಗೆ ಕರೆಯೋಲೆ ಬೇಕಿರಲಿಲ್ಲ.

"ಅಯ್ಯೋ, ಬಟ್ಟೆ ಕೆನೆ ಬಣ್ಣ ಇದೆ, ಮಾನಿಟರ್ ಬೆಳ್ಳಗೆ ತೋರಿಸ್ತಿದೆಯಲ್ರೀ!"

"ಯಜಮಾನ್ರು ಹಾಲುಬಿಳುಪು ಅಂದಿದ್ರು, ಮೇಷ್ಟ್ರೇ..."

"ಅವರಿಗೇನ್ರೀ ಗೊತ್ತು? ನಲವತ್ತು ವರ್ಷ ಬಣ್ಣದಲ್ಲೇ ಕೈ ಅದ್ದಿದೀನಿ. ನೀಲಿ ಇಳಿಸಿ!"

ನೀಲಿ ಇಳಿಯಿತು. "ಇನ್ನೂ ಸ್ವಲ್ಪ," ಎಂದಳು ಹೆಂಡತಿ. ಬೆಳಕು ಏರಿಸಿದಾಗ ಮೂವರ ಕಣ್ಣಲ್ಲೂ ನೀರು. ಇಳಿಸಿದಾಗ ಮೂವರೂ ಮಾನಿಟರಿಗೆ ಮೂಗು ತಗಲಿಸಿ ಹುಡುಕಾಟ. ಊಟ ಮರೆತೇಹೋಯಿತು. ನಾಲ್ಕು ಗಂಟೆಗೆ ಬಟ್ಟೆ ಯಾವುದು, ಚಿತ್ರ ಯಾವುದು ಎಂದು ಗೊತ್ತಾಗದಷ್ಟು ಬಣ್ಣ ಕೂಡಿಬಂತು. ಮೇಷ್ಟ್ರು ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಕೆಟಲಾಗಪ್ಪನಿಗೆ ಕುಣಿಯುವಷ್ಟು ಖುಷಿ.

ಯಜಮಾನರು ಬಂದವರೇ, "ಏನ್ರೀ ಇದು, ಗುಹೆ ಥರ!" ಎಂದು ಬೆಡ್‌ಶೀಟನ್ನು ಎಳೆದು ಹಾಕಿದರು.

ಬೆಡ್‌ಶೀಟಿನ ಹಳದಿ ಹೋಗಿ ಬಿಳಿ ಬೆಳಕು ಒಳಗೆ ನುಗ್ಗಿತು. ಬಟ್ಟೆ ಹಾಲಿನಂತೆ ಬೆಳ್ಳಗಿತ್ತು. ಮಾನಿಟರಿನಲ್ಲಿದ್ದ ಕರ್ಟನ್ ಮಾತ್ರ ಮಾಗಿದ ಬಾಳೆಹಣ್ಣಿನ ಬಣ್ಣಕ್ಕಿತ್ತು.

ಯಜಮಾನರು ಬಿಟ್ಟ ಕಣ್ಣು ಬಿಟ್ಟಹಾಗೇ ಮಾನಿಟರನ್ನು ನೋಡಿದರು. ಆಮೇಲೆ ಅವನನ್ನು ಬಾಗಿಲಿಗೆ ಎಳೆದುಕೊಂಡು ಹೋಗಿ ಎರಡೂ ಕೈ ಹಿಡಿದುಕೊಂಡರು. "ಆಹಾ! ಇದಪ್ಪ ಬಣ್ಣ ಅಂದ್ರೆ! ನಂಗೆ ಇದೇ ಬೇಕು. ಇದನ್ನೇ ನೇಯಿಸ್ತೀನಿ. ನಾಳೆ ಬಣ್ಣ ಹಾಕೋನನ್ನ ಕರ್ಕೊಂಡು ಬರ್ತೀನಿ, ಹೀಗೇ ತೋರಿಸಿ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಕೆಲಸ ಬೇರೆಯವರಿಗೆ!"

ಅವರು ಹೊರಟ ಮೇಲೆ ಕೆಟಲಾಗಪ್ಪ ನಗುತ್ತಾ ಒಳಗೆ ತಿರುಗಿದ. ಮಾನಿಟರಿನ ಮುಂದೆ ಕೂತಿದ್ದ ಮೇಷ್ಟ್ರು ಬೆವರೊರೆಸಿಕೊಳ್ಳುತ್ತಾ ಎದ್ದರು.

"ಹೆದರ್ಬೇಡಿ, ತಪ್ಪು ನಂದೇ. ಅವರು ಬಾಗಿಲಲ್ಲಿ ನಿಮ್ಮನ್ನ ಬೈತಿದ್ದಾರೆ ಅಂದ್ಕೊಂಡು ಆಗ್ಲೇ ಎಲ್ಲಾ ಅಳಿಸಿ ಬೆಳಿಗ್ಗೆ ಇದ್ದ ಹಾಗೇ ಮಾಡಿಬಿಟ್ಟೆ!"

ನೀಲಿ ಎಷ್ಟು, ಬೆಳಕು ಎಷ್ಟು ಎಂಬ ಯಾವ ಅಂಕಿಯನ್ನೂ ಯಾರೂ ಬರೆದಿಟ್ಟಿರಲಿಲ್ಲ. ಕೆಟಲಾಗಪ್ಪ ನೆಲದ ಮೇಲಿದ್ದ ಬೆಡ್‌ಶೀಟನ್ನು ಎತ್ತಿಕೊಂಡು ಕಿಟಕಿಯತ್ತ ನಡೆದ.