ಶೇಂಗಾದ ಎಲೆಗೆ ಚುಕ್ಕೆ ಬಿದ್ದಾಗ

ಹೊಸ ಬೀಜ ಹಂಚುವವನ ಹಣೆಬರಹವೇ ಇಷ್ಟು: ಬೆಳೆ ಬಂದರೆ ದೇವರ ದಯೆ, ಬಾರದಿದ್ದರೆ ಅವನ ತಪ್ಪು. ಸಂಸ್ಥಾನದ ಬೇಸಾಯ ಖಾತೆಯಲ್ಲಿದ್ದಷ್ಟು ಕಾಲ ಇಂಥ ಫಜೀತಿಗಳು ನನ್ನನ್ನು ಹುಡುಕಿಕೊಂಡೇ ಬರುತ್ತಿದ್ದವು.

ಒಂದು ವರ್ಷ ಪರದೇಶಿ ಶೇಂಗಾ ಬೀಜ ತರಿಸಿದ್ದೆವು. ನನ್ನ ಮಾತು ನಂಬಿ ಬಿತ್ತಿದವನು ಬೆಳಗಲಿಯ ಒಬ್ಬನೇ ರೈತ. ಶ್ರಾವಣದಲ್ಲಿ ಎಲೆಗಳ ಮೇಲೆ ಕರಿ ಚುಕ್ಕೆ ಎದ್ದವು. ಸಂಸ್ಥಾನದ ಆಡಳಿತ ನೋಡುವ ಕಾರಭಾರಿಗಳು ಹುಕುಂ ಕೊಟ್ಟರು: "ಯಾವ ರೋಗ ಅಂತ ಲಗೂ ಹೇಳ್ರಿ. ಇಲ್ಲಂದ್ರ ಬ್ಯಾರೆ ಹೊಲಕ್ಕ ಹಬ್ಬೂ ಮೊದಲ ಬೆಳಿ ಕಿತ್ತು ಸುಡ್ರಿ."

ಪಾಪ, ಆ ಮನೆಯ ವರ್ಷದ ಅನ್ನ ಅದು. ರೋಗ ಪತ್ತೆ ಹಚ್ಚಿಯೇ ತೀರುತ್ತೇನೆಂದು ಹಟ ತೊಟ್ಟೆ.

೧. ಕಟ್ಟೆಯ ವೈದ್ಯ

ಮೊದಲು ಊರ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರಿಗೆ ಎಲೆ ತೋರಿಸಿದೆ.

"ಪರದೇಶಿ ಬೀಜ ನೋಡ್ರಿ, ನಮ್ಮ ಬಿಸಲ ತಡದಿಲ್ಲ. ಬಿಳಿ ಸಾಹೇಬ್ರ ಮಾರಿ ಮ್ಯಾಲೂ ಹಿಂಗ ಚುಕ್ಕಿ ಏಳ್ತಾವ" ಎಂದರು.

"ಹಂಗಾರ ಔಷಧ ಏನ್ರಿ?"

"ಟೊಪಿಗಿ ಹಾಕ್ರಿ."

೨. ಬನಹಟ್ಟಿಯ ಭೂತಗನ್ನಡಿ

ಬನಹಟ್ಟಿಯ ಸೀರೆ ವ್ಯಾಪಾರಿಯ ಹತ್ತಿರ ನೂಲಿನ ಎಳೆ ಎಣಿಸುವ ಭೂತಗನ್ನಡಿ ಇತ್ತು. ಕೇಳಿದರೆ ಪುಣ್ಯಾತ್ಮ ಕೈಗೆ ಕೊಡಲಿಲ್ಲ, ಎಲೆಯನ್ನು ತಾನೇ ತಿರುವಿ ಮುರುವಿ ನೋಡಿದ.

"ಕರಿ ಚುಕ್ಕಿ, ಸುತ್ತ ಹಳದಿ ಅಂಚು. ರೋಗ ಅಲ್ರೀ ಇದು, ಬಣ್ಣ ಬಿಟ್ಟೈತಿ. ವಾಪಸ್ ಕಳಸ್ರಿ. ನಾ ಆಗಿದ್ರ ಈ ಮಾಲ ತಗೋತಿದ್ದಿಲ್ಲ!"

೩. ಸಾಹೇಬರ ಸವಾರಿ

ಕೊನೆಗೆ ಪುಣೆಯ ಬೇಸಾಯ ಕಾಲೇಜಿಗೆ ಬರೆದೆ. ಬೆಳೆರೋಗ ಬಲ್ಲ ಸಾಹೇಬರೊಬ್ಬರು ಖುದ್ದಾಗಿ ಬಂದರು. ಹೊಲಕ್ಕೆ ಕರೆದೊಯ್ದು ನೋಡಿದರೆ, ಒಂದು ಎಲೆಯ ಮೇಲೂ ಚುಕ್ಕೆಯಿಲ್ಲ!

"ರೋಗ ಎಲ್ಲೈತೋ?" ಎಂದು ರೈತನನ್ನು ಕೇಳಿದೆ.

"ದೊಡ್ಡವರು ಬರ್ತಾರಂತ ನಿನ್ನಿ ಮನಿಮಂದೆಲ್ಲಾ ಕೂಡಿ ಚುಕ್ಕಿ ಎಲಿ ಕಿತ್ತು ಹೊಲ ಹಸನ ಮಾಡೇವ್ರಿ. ಮಂದಿ ಬಂದಾಗ ಹೊಲಸ ತೋರಸ್ತಾರೇನ್ರಿ?"

"ಕಿತ್ತ ಎಲಿ?"

"ಎಮ್ಮಿಗಿ ಹಾಕೇವ್ರಿ."

ಗಂಡ ಹೆಂಡತಿ ಇಬ್ಬರನ್ನೂ ದಾರಿಯುದ್ದಕ್ಕೂ ಬೈಯುತ್ತ ಕೊಟ್ಟಿಗೆಗೆ ಓಡಿದೆ. ಎಮ್ಮೆ ಕೊನೆಯ ಹಿಡಿಯನ್ನು ಆರಾಮಾಗಿ ಮೆಲ್ಲುತ್ತಿತ್ತು. ಆ ಕಡೆಯಿಂದ ಅದು ಎಳೆಯಿತು, ಈ ಕಡೆಯಿಂದ ನಾನು. ಅರ್ಧ ಎಲೆ ನನ್ನ ಪಾಲಿಗೆ ಬಂತು.

ಸಾಹೇಬರು ಅದರ ಜೊಲ್ಲು ಒರೆಸಿ, ತಮ್ಮ ಭೂತಗನ್ನಡಿಯಲ್ಲಿ ನೋಡಿ, "ಬೂಷ್ಟಿನಿಂದ ಬರುವ ಎಲೆಚುಕ್ಕೆ ರೋಗ ಇದು. ಬೆಳೆ ಸುಡಬೇಕಾಗಿಲ್ಲ" ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಈಗ ಏನ ಮಾಡಬೇಕ್ರಿ?" ರೈತ ಕೈಮುಗಿದು ಕೇಳಿದ.

"ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಕಿತ್ತು ಹೊಲ ಸ್ವಚ್ಛ ಮಾಡಬೇಕು."

ರೈತನ ಹೆಂಡತಿ ಸೆರಗು ಸೊಂಟಕ್ಕೆ ಸಿಗಿಸಿ ನನ್ನ ಕಡೆ ತಿರುಗಿದಳು.

"ಮತ್ತ ಇಷ್ಟೊತ್ತನಾ ನಮಗ ಬೈದದ್ದು ಯಾಕ್ರೀ?"